ವಿದ್ಯಾರ್ಥಿಯೆಂದರೆ ಯಾರು? ತಂತ್ರಾಂಶದ ಲೈಸೆನ್ಸುಗಳೂ ಅರ್ಹತೆಯ ನಿಯಮಗಳೂ

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಯಾವ ಶಾಸ್ತ್ರಗ್ರಂಥವನ್ನು ಆರಂಭಿಸಿದರೂ ಗುರುಗಳು ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿ ನಮ್ಮ ಬಾಯಿಂದಲೇ ಉತ್ತರ ಹೇಳಿಸುತ್ತಿದ್ದರು. ಈ ಗ್ರಂಥದ ವಿಷಯವೇನು, ಪ್ರಯೋಜನವೇನು, ಅವೆರಡಕ್ಕೂ ಇರುವ ಸಂಬಂಧವೇನು, ಇದನ್ನು ಓದುವುದಕ್ಕೆ ಅಧಿಕಾರಿ ಯಾರು ಎಂಬ ಈ ನಾಲ್ಕಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಮೊದಲಿನ ಮೂರಕ್ಕೆ ಉತ್ತರವು ಬೇಗನೆ ದೊರೆಯುತ್ತಿತ್ತು. ನಾಲ್ಕನೆಯದು ಬಂದಾಗಲೇ ಚರ್ಚೆ ಬೆಳೆಯುತ್ತಿತ್ತು. ಈಚೆಗೆ ಕೆಲವು ತಂತ್ರಾಂಶ ಕಂಪನಿಗಳ ಲೈಸೆನ್ಸು ಪತ್ರಗಳನ್ನು ಓದುವ ಪ್ರಸಂಗವು ನಮಗೆ ಒದಗಿದಾಗ ಆ ನಾಲ್ಕನೆಯ ಪ್ರಶ್ನೆಯು ಪುನಃ ನೆನಪಿಗೆ ಬಂದಿತು. ಅವುಗಳಲ್ಲಿಯೂ ಮುಖ್ಯವಾದ ಪ್ರಶ್ನೆ ಅದೇ: ಇದಕ್ಕೆ ಅಧಿಕಾರಿ ಯಾರು? ವಿದ್ಯಾರ್ಥಿಯೆಂದರೆ ಯಾರು?

ಇದು ಕಾಲೇಜಿನ ಹುಡುಗರಿಗೆ ಮಾತ್ರ ಸಂಬಂಧಿಸಿದ ಅಲ್ಪ ವಿಷಯವೆಂದು ನಮ್ಮ ವಾಚಕರು ಪುಟವನ್ನು ತಿರುವಬಾರದಾಗಿ ಪ್ರಾರ್ಥನೆ. ಇಂದು ಮನೆಯ ನಕ್ಷೆ, ಸೇತುವೆಯ ಲೆಕ್ಕ, ಯಂತ್ರಭಾಗದ ಚಿತ್ರ, ಅಂಗಡಿಯ ಜಮಾಖರ್ಚು, ಪತ್ರಿಕೆಯ ಪುಟ, ಇವೆಲ್ಲವೂ ತಂತ್ರಾಂಶಗಳ ಮೂಲಕವೇ ತಯಾರಾಗುತ್ತವೆ. ಹಿಂದೆ ಬಡಗಿಯ ಮಗನು ತಂದೆಯ ಉಳಿಯನ್ನು ಹಿಡಿದು ಕೆಲಸ ಕಲಿಯುತ್ತಿದ್ದನು. ಉಳಿಗೆ ಲೈಸೆನ್ಸು ಇರಲಿಲ್ಲ. ಇಂದಿನ ಉಪಕರಣಗಳಾದರೋ ವರ್ಷ ವರ್ಷವೂ ಬಾಡಿಗೆ ತೆರಬೇಕಾದಂಥವು. ನಕ್ಷೆಗಾರರಿಗೆಲ್ಲ ಪರಿಚಿತವಾದ ಆಟೋಕ್ಯಾಡ್ 1982ರಲ್ಲಿ ಹೊರಬಂದಿತು. ಬಹುಕಾಲ ಅದನ್ನು ಒಮ್ಮೆ ಕೊಂಡವನು ತನ್ನದೆಂದು ಇಟ್ಟುಕೊಳ್ಳಬಹುದಾಗಿದ್ದಿತು. 2016ರಿಂದ ಅದರ ಒಡೆತನದ ಆಟೋಡೆಸ್ಕ್ ಕಂಪನಿಯವರು ಹಾಗೆ ಶಾಶ್ವತವಾಗಿ ಮಾರುವುದನ್ನು ನಿಲ್ಲಿಸಿ, ಕಾಲಾವಧಿಯ ಚಂದಾ ಪದ್ಧತಿಯನ್ನೇ ಇಟ್ಟಿರುವರು. ಕೆಲಸ ಸಿಕ್ಕದೆ ಉಪಕರಣವನ್ನು ಕೊಳ್ಳುವ ಹಣವಿಲ್ಲ. ಉಪಕರಣದ ಅಭ್ಯಾಸವಿಲ್ಲದೆ ಕೆಲಸ ಸಿಕ್ಕುವುದಿಲ್ಲ. ಈ ತೊಡಕನ್ನು ಬಿಡಿಸುವುದಕ್ಕಾಗಿ ಹುಟ್ಟಿದುದೇ ವಿದ್ಯಾರ್ಥಿ ಆವೃತ್ತಿ.

ಕಂಪನಿಗಳು ಮಾಡಿರುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಆಟೋಡೆಸ್ಕಿನವರು 2014ರ ಕೊನೆಯಲ್ಲಿ ತಮ್ಮ ತಂತ್ರಾಂಶಗಳನ್ನು ಲೋಕದ ನಾನಾ ದೇಶಗಳ ಶಾಲಾ ಕಾಲೇಜುಗಳಿಗೆ ಉಚಿತವಾಗಿ ತೆರೆದರು. ಅದೇ ವರ್ಷ ಗಿಟ್‌ಹಬ್‌ನವರು ವಿದ್ಯಾರ್ಥಿಗಳಿಗಾಗಿ ನಾನಾ ಉಪಕರಣಗಳ ಒಂದು ಗಂಟನ್ನೇ ಕಟ್ಟಿ ಕೊಟ್ಟರು. ಪ್ರಾಗ್ ನಗರದಲ್ಲಿ ಹುಟ್ಟಿದ ಜೆಟ್‌ಬ್ರೈನ್ಸ್ ಕಂಪನಿಯವರೂ ಪ್ರೋಗ್ರಾಮು ಬರೆಯುವ ತಮ್ಮ ಉಪಕರಣಗಳನ್ನು ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಬೆಲೆಯಿಲ್ಲದೆ ಕೊಡುತ್ತಿರುವರು. ಇದರಲ್ಲಿ ಅವರ ಸ್ವಾರ್ಥವೂ ಇಲ್ಲದಿಲ್ಲ. ಕಾಲೇಜಿನಲ್ಲಿ ಯಾವ ಉಪಕರಣಕ್ಕೆ ಕೈ ಪಳಗಿತೋ ಅದನ್ನೇ ಹುಡುಗನು ನಾಳೆ ಕಚೇರಿಯಲ್ಲಿಯೂ ಬೇಡುವನು. ಆಗ ಕಚೇರಿಯು ಪೂರ್ಣ ಬೆಲೆಯನ್ನು ತೆರುವುದು. ಬೀಜ ಬಿತ್ತಿದವನು ಫಲವನ್ನು ಬಯಸುವುದು ತಪ್ಪಲ್ಲ. ಆದರೆ ಇದು ಬರಿಯ ದಾನವಲ್ಲ, ಎರಡು ಪಕ್ಷಗಳಿಗೂ ಲಾಭವಿರುವ ವ್ಯವಹಾರ ಎಂಬುದನ್ನು ಅರಿತರೆ, ಅದರ ನಿಯಮಗಳನ್ನು ವಿಮರ್ಶಿಸುವ ಹಕ್ಕು ಕೊಳ್ಳುವವನ ಪಕ್ಷಕ್ಕೂ ಉಂಟೆಂಬುದು ಸ್ಪಷ್ಟವಾಗುವುದು.

ನಿಯಮಗಳಾದರೂ ಯಾವುವು? ಆಟೋಡೆಸ್ಕಿನವರದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅರ್ಜಿದಾರನಿಗೆ ಕನಿಷ್ಠ 13 ವರ್ಷ ವಯಸ್ಸಾಗಿರಬೇಕು. ಅವನು ಮಾನ್ಯತೆ ಪಡೆದ ವಿದ್ಯಾಸಂಸ್ಥೆಯಲ್ಲಿ ಓದುತ್ತಿರಬೇಕು, ಇಲ್ಲವೆ ಪಾಠ ಹೇಳುತ್ತಿರಬೇಕು. ಒಮ್ಮೆ ಕೊಟ್ಟ ಅನುಮತಿಯು ಒಂದು ವರ್ಷ ಮಾತ್ರ ನಡೆಯುವುದು. ಅರ್ಹತೆಯು ಮುಂದುವರಿದಿದ್ದರೆ ಮರಳಿ ನವೀಕರಿಸಿಕೊಳ್ಳಬಹುದು. ಕಲಿಯುವುದಕ್ಕೂ ಕಲಿಸುವುದಕ್ಕೂ ಉಪಯೋಗಿಸಬೇಕೇ ಹೊರತು ಸಂಪಾದನೆಯ ಕೆಲಸಕ್ಕೆ ಉಪಯೋಗಿಸಕೂಡದು. ಅರ್ಹತೆಯ ಪರೀಕ್ಷೆಯನ್ನು ಕಂಪನಿಯವರು ತಾವೇ ಮಾಡದೆ, ಆ ಕೆಲಸಕ್ಕೆಂದೇ ಇರುವ ಬೇರೊಂದು ಸಂಸ್ಥೆಗೆ ಒಪ್ಪಿಸಿರುವರು. ಸಂಶಯ ಬಂದರೆ ವಿದ್ಯಾರ್ಥಿಯು ತನ್ನ ಪೂರ್ಣ ಹೆಸರು, ಸಂಸ್ಥೆಯ ಹೆಸರು, ಪ್ರಸಕ್ತ ವರ್ಷದ ದಿನಾಂಕ, ಈ ಮೂರೂ ಕಾಣುವಂಥ ದಾಖಲೆಯನ್ನು ಕಳುಹಿಸಬೇಕು. ಜೆಟ್‌ಬ್ರೈನ್ಸಿನವರದು ಇನ್ನೊಂದು ಅಳತೆ: ಪೂರ್ಣಕಾಲ ಓದಿದರೆ ಒಂದು ವರ್ಷವೋ ಹೆಚ್ಚೋ ಹಿಡಿಯುವಂಥ ಮಾನ್ಯ ವ್ಯಾಸಂಗಕ್ಕೆ ಸೇರಿದವನೇ ವಿದ್ಯಾರ್ಥಿ.

ಕಾಗದದ ಮೇಲೆ ಇವು ಸರಳವಾಗಿಯೂ ಸಮಂಜಸವಾಗಿಯೂ ತೋರುತ್ತವೆ. ನಮ್ಮ ಜಿಲ್ಲಾ ಪಟ್ಟಣಗಳಿಗೆ ಬಂದಾಗಲೇ ಇವುಗಳ ಕಾಠಿಣ್ಯವು ಕಾಣುವುದು. ಮೊದಲನೆಯದು ಹೆಸರಿನ ತೊಡಕು. ಅರ್ಜಿಯಲ್ಲಿ ಮೊದಲ ಹೆಸರು ಒಂದು ಮನೆಯಲ್ಲಿ, ಕೊನೆಯ ಹೆಸರು ಇನ್ನೊಂದು ಮನೆಯಲ್ಲಿ ಬರೆಯಬೇಕು. ನಮ್ಮ ಕಡೆಯ ಹುಡುಗನಿಗಾದರೋ ಹೆಸರೊಂದೇ. ಮುಂದೆ ಊರಿನದೂ ತಂದೆಯದೂ ಎರಡಕ್ಷರಗಳು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಕ್ಷರಗಳು ಹಿಂದೆ, ಆಧಾರ್ ಚೀಟಿಯಲ್ಲಿ ಅವು ಬಿಡಿಸಿ ಮುಂದೆ, ಕಾಲೇಜಿನ ಗುರುತಿನ ಚೀಟಿಯಲ್ಲಿ ಅವೇ ಇಲ್ಲ. ಮೂರು ದಾಖಲೆಗಳಲ್ಲಿ ಮೂರು ಹೆಸರುಗಳಿರುವ ಒಬ್ಬನೇ ಹುಡುಗನನ್ನು ದೂರದೇಶದ ಪರೀಕ್ಷಕನು ಮೂವರೆಂದು ತಿಳಿದರೆ ಆಶ್ಚರ್ಯವೇನು?

ಎರಡನೆಯದು ದಿನಾಂಕ. ಅನೇಕ ಸಂಸ್ಥೆಗಳಲ್ಲಿ ಸೇರಿದ ವರ್ಷ ಕೊಟ್ಟ ಗುರುತಿನ ಚೀಟಿಯೇ ಕೊನೆಯವರೆಗೂ ಕೊರಳಲ್ಲಿ ತೂಗುತ್ತಿರುತ್ತದೆ. ಪ್ರಸಕ್ತ ವರ್ಷದ ಮುದ್ರೆಯನ್ನು ಅದರ ಮೇಲೆ ಒತ್ತುವವರಿಲ್ಲ. ಮೂರನೆಯದು ಇ-ಮೇಲ್ ವಿಳಾಸ. ಸಂಸ್ಥೆಯ ಹೆಸರಿನಲ್ಲಿಯೇ ವಿಳಾಸವುಳ್ಳ ವಿದ್ಯಾರ್ಥಿಗೆ ಬಾಗಿಲು ಬೇಗನೆ ತೆರೆಯುವುದುಂಟು. ದೊಡ್ಡ ನಗರದ ಶ್ರೀಮಂತ ಕಾಲೇಜುಗಳು ಪ್ರತಿಯೊಬ್ಬ ವಿದ್ಯಾರ್ಥಿಗೂ ಅಂಥ ವಿಳಾಸವನ್ನು ಕೊಡುತ್ತವೆ. ತಾಲ್ಲೂಕಿನ ಪಾಲಿಟೆಕ್ನಿಕ್ಕಿನ ಹುಡುಗನು ತನ್ನ ಸ್ವಂತ ವಿಳಾಸದಿಂದಲೇ ಬರೆಯುವನು. ಹೀಗೆ ಸಂಪನ್ನ ಸಂಸ್ಥೆಯ ವಿದ್ಯಾರ್ಥಿಯು ಕ್ಷಣದಲ್ಲಿ ಒಳಗೆ ಹೋಗುವಾಗ, ಉಚಿತವಾದುದು ಯಾರಿಗೆ ಹೆಚ್ಚು ಅವಶ್ಯವೋ ಅವನು ಹೊರಗೆ ನಿಂತು ಕಾಗದಗಳನ್ನು ತೋರಿಸಬೇಕಾಗಿದೆ.

ನಾಲ್ಕನೆಯದು ವ್ಯಾಸಂಗದ ಬಗೆ. ಆರು ತಿಂಗಳ ಕಸಬಿನ ತರಗತಿಗೆ ಸೇರಿದವನನ್ನೂ, ಹಗಲು ದುಡಿದು ರಾತ್ರಿ ಪಟ್ಟಣದ ತರಬೇತಿ ಕೇಂದ್ರದಲ್ಲಿ ಕಲಿಯುವವನನ್ನೂ ವರ್ಷದ ಅಳತೆಯಾಗಲಿ ಮಾನ್ಯತೆಯ ಅಳತೆಯಾಗಲಿ ಹೊರಗಿಡುವುದು. ಯಾವ ಸಂಸ್ಥೆಯನ್ನೂ ಸೇರದೆ ಮನೆಯಲ್ಲಿಯೇ ಅಭ್ಯಾಸ ಮಾಡುವವನ ಮಾತನ್ನಂತೂ ಹೇಳತಕ್ಕದ್ದೇ ಇಲ್ಲ. ವಿದ್ಯೆಯನ್ನು ಬಯಸುವವನು ವಿದ್ಯಾರ್ಥಿ ಎಂಬುದು ಪದದ ಅರ್ಥ. ನಿಯಮಗಳ ಪ್ರಕಾರವಾದರೋ ವಿದ್ಯೆಯನ್ನು ಬಯಸುತ್ತೇನೆಂದು ಇನ್ನೊಬ್ಬರಿಂದ ಬರೆಯಿಸಿಕೊಂಡು ಬರಬಲ್ಲವನೇ ವಿದ್ಯಾರ್ಥಿ.

ಐದನೆಯದೂ ಎಲ್ಲಕ್ಕಿಂತ ಕಠಿಣವಾದುದೂ ಓದಿಗೂ ಉದ್ಯೋಗಕ್ಕೂ ನಡುವಣ ಕಾಲ. ಕೊನೆಯ ಪರೀಕ್ಷೆ ಮುಗಿದ ದಿನ ಹುಡುಗನು ವಿದ್ಯಾರ್ಥಿಯಲ್ಲ. ಫಲಿತಾಂಶ ಬಂದಿಲ್ಲವಾದುದರಿಂದ ಪದವೀಧರನೂ ಅಲ್ಲ. ಕೆಲಸ ಸಿಕ್ಕಿಲ್ಲವಾದುದರಿಂದ ನೌಕರನಂತೂ ಅಲ್ಲ. ಅಭ್ಯಾಸವನ್ನು ಬಿಟ್ಟರೆ ಕೈ ತುಕ್ಕು ಹಿಡಿಯುವ ಕಾಲ ಅದು. ಆ ಕಾಲದಲ್ಲಿಯೇ ನವೀಕರಣದ ದಿನವು ಬಂದು ಬಾಗಿಲು ಮುಚ್ಚಿಕೊಳ್ಳುವುದು.

ಈ ನಡುವಣ ಕಾಲದ ವಿಚಾರವನ್ನು ನಾವು ಪುಸ್ತಕ ನೋಡಿ ಕಲಿತವರಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ಮುದ್ರಣಾಲಯದ ಹಿಂಭಾಗದಲ್ಲಿ ಕಾಗದದ ದಾಸ್ತಾನಿಗಾಗಿ ಒಂದು ಕೊಠಡಿಯನ್ನು ಕಟ್ಟಿಸಬೇಕಾಗಿ ಬಂದಿತು. ಪರವಾನಗಿಯುಳ್ಳ ಇಂಜಿನಿಯರೊಬ್ಬರು ನಕ್ಷೆಗೆ ನಾಲ್ಕು ಸಾವಿರ ರೂಪಾಯಿ ಕೇಳಿದರು. ಅದು ಹೆಚ್ಚೆಂದು ನಮಗೆ ತೋರಿತು. ಡಿಪ್ಲೊಮಾ ಪರೀಕ್ಷೆ ಬರೆದು ಎರಡು ತಿಂಗಳಿನಿಂದ ಫಲಿತಾಂಶವನ್ನು ಕಾಯುತ್ತಿದ್ದ ನೆರೆಮನೆಯ ಹುಡುಗನು ಸಾವಿರದ ಐನೂರಕ್ಕೆ ಒಪ್ಪಿಕೊಂಡು ನಾಲ್ಕೇ ದಿನಗಳಲ್ಲಿ ನಕ್ಷೆಯನ್ನು ತಂದನು. ಗೆರೆಗಳು ಶುದ್ಧವಾಗಿದ್ದವು, ಅಳತೆಗಳು ಸರಿಯಾಗಿದ್ದವು. ಆದರೆ ಹಾಳೆಯ ನಾಲ್ಕು ಅಂಚುಗಳಲ್ಲಿಯೂ ಇದು ಶಿಕ್ಷಣಕ್ಕಾಗಿ ಇರುವ ಪ್ರತಿಯಿಂದ ತಯಾರಾದುದೆಂಬ ಇಂಗ್ಲಿಷ್ ಸಾಲು ಅಚ್ಚಾಗಿದ್ದಿತು. ಇದೇನಪ್ಪಾ ಎಂದು ನಾವು ಕೇಳಿದೆವು.

“ಅದು ವಿದ್ಯಾರ್ಥಿಗಳಿಗೆ ಕೊಡುವ ಸಾಫ್ಟ್‌ವೇರಿನದು ಸಾರ್, ತೆಗೆಯುವುದಕ್ಕೆ ಬರುವುದಿಲ್ಲ” ಎಂದು ಅವನು ತಲೆ ತಗ್ಗಿಸಿದನು.

ಅದೇ ಹಾಳೆಯನ್ನು ಇಂಜಿನಿಯರ ಬಳಿಗೆ ರುಜುವಿಗಾಗಿ ಒಯ್ದೆವು. ಅವರು ಅಂಚನ್ನು ನೋಡಿ, ಹಾಳೆಯನ್ನು ಮಡಿಸಿ ನಮ್ಮ ಕೈಗೇ ಕೊಟ್ಟರು. “ಸ್ವಾಮೀ, ನಾನು ವರ್ಷ ವರ್ಷ ಹಣ ಕಟ್ಟಿ ಇದೇ ಉಪಕರಣವನ್ನು ಇಟ್ಟುಕೊಂಡಿದ್ದೇನೆ. ಇದಕ್ಕೆ ರುಜು ಹಾಕಿದರೆ ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕಿಕೊಂಡಂತೆ” ಎಂದರು. ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಕ್ಷೆಯನ್ನು ಅವರಿಂದಲೇ ಹೊಸದಾಗಿ ಬರೆಯಿಸಿದೆವು. ಹುಡುಗನು ಮರುದಿನ ಬೆಳಿಗ್ಗೆ ಬಂದು ಹಣವನ್ನು ಹಿಂದಕ್ಕೆ ಇಡಲು ಬಂದನು.

ತಪ್ಪು ಯಾರದು? ಹುಡುಗನು ನಿಯಮವನ್ನು ಮೀರಿದ್ದು ನಿಜ. ಆದರೆ ಎರಡೂವರೆ ಸಾವಿರ ಉಳಿಯಿತೆಂದು ಸಂತೋಷಪಟ್ಟವರು ನಾವು. ಆ ಉಳಿತಾಯವು ಹುಡುಗನ ಔದಾರ್ಯದಿಂದ ಬಂದುದಲ್ಲ. ಇಂಜಿನಿಯರು ತೆತ್ತ ಬಾಡಿಗೆಯನ್ನು ನಾವು ತೆರದೆ ಇದ್ದುದರಿಂದ ಬಂದುದು. ಯಾವ ಉಪಕರಣದಿಂದ ಬರೆಯುತ್ತೀಯೆ, ಅದಕ್ಕೆ ನಿನಗೆ ಅನುಮತಿಯುಂಟೇ ಎಂದು ಮೊದಲೇ ಕೇಳಬೇಕಾಗಿದ್ದವರೂ ನಾವೇ. ಕಡಮೆ ಬೆಲೆಯ ಕೆಲಸವನ್ನು ಹುಡುಗರಿಂದ ಮಾಡಿಸಿಕೊಳ್ಳುವ ಗೃಹಸ್ಥರೂ ಗುತ್ತಿಗೆದಾರರೂ ನಮ್ಮ ವಾಚಕರಲ್ಲಿ ಇರಬಹುದಾದುದರಿಂದ ಇದನ್ನು ಮರೆಮಾಚದೆ ಬರೆದಿರುತ್ತೇವೆ.

ಆ ಅಂಚಿನ ಸಾಲಿನಿಂದ ನಾವು ಕಲಿತ ಪಾಠ ಇನ್ನೊಂದುಂಟು. ಆ ಸಾಲು ಹುಡುಗನ ಅಭ್ಯಾಸಕ್ಕೆ ಎಳ್ಳಷ್ಟೂ ಅಡ್ಡಿ ಮಾಡಲಿಲ್ಲ. ನಮ್ಮ ವ್ಯಾಪಾರಕ್ಕೆ ಮಾತ್ರ ಅಡ್ಡಿಯಾಯಿತು. ಅದು ಅವನನ್ನು ನೀನು ಯಾರೆಂದು ಕೇಳಲಿಲ್ಲ. ಆ ಹಾಳೆಯು ಯಾವ ಉಪಯೋಗಕ್ಕೆ ಎಂಬುದನ್ನು ಮಾತ್ರ ಸಾರಿತು. ನಮ್ಮ ಮತದಲ್ಲಿ ಸರಿಯಾದ ನಿಯಮದ ಮೂಲಸೂತ್ರವು ಇದೇ: ಮಿತಿಯನ್ನು ಉಪಯೋಗದ ಮೇಲೆ ಇಡಬೇಕೇ ಹೊರತು ಮನುಷ್ಯನ ಮೇಲೆ ಇಡಬಾರದು.

ಇದು ಅಸಾಧ್ಯವೆಂದು ಹೇಳುವವರಿಗೆ ಬೆಂಗಳೂರಿನದೇ ಒಂದು ದೃಷ್ಟಾಂತವನ್ನು ತೋರಿಸಬಹುದು. ಅಂಗಡಿ ಲೆಕ್ಕದ ಟ್ಯಾಲಿ ತಂತ್ರಾಂಶವನ್ನು ಅರಿಯದ ವರ್ತಕರು ನಮ್ಮಲ್ಲಿ ವಿರಳ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಇವರು 1986ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಮಗನಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಲೈಸೆನ್ಸು ಇಲ್ಲದವನೂ ಈ ತಂತ್ರಾಂಶವನ್ನು ಶಿಕ್ಷಣದ ಕ್ರಮದಲ್ಲಿ ತೆರೆದು ಕಲಿಯಬಹುದು. ಗುರುತಿನ ಚೀಟಿ ಬೇಡ, ಕಾಲೇಜು ಬೇಡ, ವಯಸ್ಸಿನ ಪ್ರಮಾಣಪತ್ರವೂ ಬೇಡ. ಕಟ್ಟು ಒಂದೇ: ತಿಂಗಳಿನ 1, 2 ಮತ್ತು 31ನೆಯ ತಾರೀಖುಗಳ ಹೆಸರಿನಲ್ಲಿ ಮಾತ್ರ ವ್ಯವಹಾರಗಳನ್ನು ಬರೆಯಬಹುದು. ಕಲಿಯುವವನಿಗೆ ಇದರಿಂದ ನಷ್ಟವೇನೂ ಇಲ್ಲ. ಜಮಾ ಯಾವುದು ಖರ್ಚು ಯಾವುದೆಂಬುದನ್ನು ಒಂದನೆಯ ತಾರೀಖಿನಲ್ಲಿಯೂ ಕಲಿಯಬಹುದು, ಹದಿನೈದನೆಯ ತಾರೀಖಿನಲ್ಲಿಯೂ ಕಲಿಯಬಹುದು. ಆದರೆ ದಿನದಿನವೂ ಮಾರಾಟ ಮಾಡುವ ವರ್ತಕನು ತಿಂಗಳಿಗೆ ಮೂರೇ ದಿನಗಳಿರುವ ಪುಸ್ತಕದಲ್ಲಿ ಲೆಕ್ಕವಿಡಲಾರನು. ಅಧಿಕಾರಿ ಯಾರೆಂಬ ಪ್ರಶ್ನೆಯನ್ನು ಕೇಳದೆಯೇ ಅದಕ್ಕೆ ಉತ್ತರ ದೊರಕಿದಂತಾಯಿತು. ಪ್ರಮಾಣಪತ್ರಗಳಿಲ್ಲದ ಎಷ್ಟೋ ಹುಡುಗ ಹುಡುಗಿಯರು ಸಣ್ಣ ಊರುಗಳ ತರಬೇತಿ ಕೇಂದ್ರಗಳಲ್ಲಿ ಇದನ್ನು ಕಲಿತು ಅಂಗಡಿಗಳಲ್ಲಿ ಲೆಕ್ಕ ಬರೆಯುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವಷ್ಟೆ.

ಇತರರೂ ಈ ದಾರಿಯನ್ನು ಹಿಡಿದಿರುವರು. ಯಂತ್ರ ಮತ್ತು ಕಟ್ಟಡಗಳ ಬಲವನ್ನು ಗಣಿಸುವ ಆನ್ಸಿಸ್ ಕಂಪನಿಯವರು ತಮ್ಮ ವಿದ್ಯಾರ್ಥಿ ಆವೃತ್ತಿಯಲ್ಲಿ ಲೆಕ್ಕದ ಗಾತ್ರಕ್ಕೆ ಮಿತಿ ಹಾಕಿರುವರು. ಪಾಠದ ಲೆಕ್ಕಕ್ಕೆ ಅದು ಸಾಕು, ದೊಡ್ಡ ಉದ್ಯಮದ ಲೆಕ್ಕಕ್ಕೆ ಸಾಲದು. ಸಾಲಿಡ್‌ವರ್ಕ್ಸ್‌ನ ಶಿಕ್ಷಣದ ಪ್ರತಿಯಲ್ಲಿ ಬರೆದ ನಕ್ಷೆಗಳು ಬೋಧನೆಗೆ ಮಾತ್ರವೆಂಬ ಅರ್ಥದ ಒಕ್ಕಣೆಯನ್ನು ಹೊತ್ತಿರುತ್ತವೆ. ಮೈಕ್ರೋಸಾಫ್ಟಿನವರು 2014ರಲ್ಲಿ ವಿಷುಯಲ್ ಸ್ಟುಡಿಯೋದ ಒಂದು ಆವೃತ್ತಿಯನ್ನು ಬಿಡಿ ಮನುಷ್ಯರಿಗೂ ತರಗತಿಗಳಿಗೂ ಸಣ್ಣ ತಂಡಗಳಿಗೂ ಉಚಿತವಾಗಿ ಬಿಟ್ಟು, ದೊಡ್ಡ ಸಂಸ್ಥೆಗಳಿಗೆ ಮಾತ್ರ ತಡೆ ಹಾಕಿದರು. ವರ್ಷದ ಅಳತೆಯನ್ನಿಟ್ಟಿರುವ ಜೆಟ್‌ಬ್ರೈನ್ಸಿನವರೂ 2024ರ ಅಕ್ಟೋಬರಿನಲ್ಲಿ ವೆಬ್‌ಸ್ಟಾರ್ಮ್ ಮತ್ತು ರೈಡರ್ ಎಂಬ ಎರಡು ಉಪಕರಣಗಳನ್ನು, ವಿದ್ಯಾರ್ಥಿಯೇ ಅಲ್ಲವೇ ಎಂದು ಕೇಳದೆ, ಲಾಭಾರ್ಥವಲ್ಲದ ಉಪಯೋಗಕ್ಕೆ ಯಾರಿಗಾದರೂ ತೆರೆದಿರುವರು.

ನಮ್ಮ ದೇಶದ ಕಾನೂನು ಸಹ ಇದೇ ಭೇದವನ್ನು ಬಲ್ಲುದು. 1957ರ ಕೃತಿಸ್ವಾಮ್ಯ ಶಾಸನದ 63ಬಿ ಪ್ರಕರಣವು ಅನಧಿಕೃತವೆಂದು ತಿಳಿದೂ ತಿಳಿದೂ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಉಪಯೋಗಿಸುವವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆಯನ್ನೂ 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿರುತ್ತದೆ. ಆದರೆ ಅದನ್ನು ಲಾಭಕ್ಕಾಗಿಯಾಗಲಿ ವ್ಯಾಪಾರದಲ್ಲಿಯಾಗಲಿ ಉಪಯೋಗಿಸದಿದ್ದ ಪಕ್ಷದಲ್ಲಿ, ವಿಶೇಷ ಕಾರಣಗಳಿದ್ದರೆ, ನ್ಯಾಯಾಲಯವು ಸೆರೆಯನ್ನು ಬಿಟ್ಟು 50,000 ಮೀರದ ದಂಡವನ್ನಷ್ಟೇ ಹಾಕಬಹುದೆಂದು ಅದೇ ಪ್ರಕರಣವು ಹೇಳುವುದು. ಅಂದರೆ ತಪ್ಪಿತಸ್ಥನ ವಿಷಯದಲ್ಲಿಯೂ ಶಾಸನವು ಮೊದಲು ನೋಡುವುದು ಉಪಯೋಗವನ್ನು. ತಪ್ಪು ಮಾಡದೆ ಕಲಿಯಬಯಸುವವನ ವಿಷಯದಲ್ಲಿ ಕಂಪನಿಗಳು ಅಷ್ಟನ್ನಾದರೂ ನೋಡಬಾರದೇ?

ಎಲ್ಲರಿಗೂ ತೆರೆದರೆ ವ್ಯಾಪಾರಿಗಳೂ ಕಲಿಯುವವರ ವೇಷದಲ್ಲಿ ನುಗ್ಗುವರೆಂಬ ಆಕ್ಷೇಪವು ಬರಬಹುದು. ಅದು ಬರಿಯ ಹುರುಳಿಲ್ಲದ ಮಾತಲ್ಲ. ಮನುಷ್ಯನನ್ನು ಬಾಗಿಲಲ್ಲಿ ಒಮ್ಮೆ ಪರೀಕ್ಷಿಸುವುದು ಸುಲಭ, ಒಳಗೆ ಅವನು ಮಾಡುವುದನ್ನೆಲ್ಲ ಕಾಯುವುದು ಕಷ್ಟ. ಆದರೆ ಬಾಗಿಲಿನ ಪರೀಕ್ಷೆಯು ನಮ್ಮ ಕೊಠಡಿಯ ನಕ್ಷೆಯನ್ನು ತಡೆಯಲಿಲ್ಲ. ಹುಡುಗನು ಅನುಮತಿಯನ್ನು ಪಡೆದಾಗ ನಿಜವಾದ ವಿದ್ಯಾರ್ಥಿಯೇ ಆಗಿದ್ದನು. ತಡೆದುದು ಹಾಳೆಯ ಅಂಚಿನ ಸಾಲು. ಉಪಯೋಗದ ಗುರುತು ಕೆಲಸದಲ್ಲಿಯೇ ಅಡಕವಾಗಿದ್ದರೆ ಕಾವಲುಗಾರನು ಬೇಕಿಲ್ಲ.

ಕಂಪನಿಗಳು ನಮ್ಮ ಮಾತನ್ನು ಕೇಳುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾದುದಿಲ್ಲ. ನಮ್ಮ ವಾಚಕರಲ್ಲಿ ವಿದ್ಯಾ ಇಲಾಖೆಯ ಅಧಿಕಾರಿಗಳೂ ಕಾಲೇಜುಗಳ ಪ್ರಾಂಶುಪಾಲರೂ ಇರುವರು. ಅವರಲ್ಲಿ ನಮ್ಮ ವಿಜ್ಞಾಪನೆಗಳು ನಾಲ್ಕು. ಪ್ರತಿ ವರ್ಷವೂ ಗುರುತಿನ ಚೀಟಿಯ ಮೇಲೆ ಆ ವರ್ಷದ ಅವಧಿಯನ್ನು ಅಚ್ಚು ಹಾಕಿಸುವುದು ಒಂದು. ದಾಖಲಾತಿಯ ಸಮಯದಲ್ಲಿ ವಿದ್ಯಾರ್ಥಿಯ ಹೆಸರನ್ನು ಎಲ್ಲ ಕಾಗದಗಳಲ್ಲಿಯೂ ಒಂದೇ ರೀತಿಯಾಗಿ ಬರೆಯಿಸುವುದು ಎರಡು. ಸಂಸ್ಥೆಯ ಹೆಸರಿನ ಇ-ಮೇಲ್ ವಿಳಾಸವನ್ನು ತಾಲ್ಲೂಕಿನ ಪಾಲಿಟೆಕ್ನಿಕ್ಕಿಗೂ ಐ.ಟಿ.ಐ.ಗೂ ಒದಗಿಸುವುದು ಮೂರು. ವ್ಯಾಸಂಗ ದೃಢೀಕರಣ ಪತ್ರವನ್ನು ಕೇಳಿದ ದಿನವೇ ಕೊಡುವುದು ನಾಲ್ಕು. ಗುಮಾಸ್ತರ ಮೇಜಿನ ಮೇಲೆ ಆ ಪತ್ರವು ಹದಿನೈದು ದಿನ ಮಲಗಿದ್ದರೆ ಹುಡುಗನ ಅಭ್ಯಾಸವೂ ಅಷ್ಟು ದಿನ ಮಲಗಿರುತ್ತದೆ. ಇವುಗಳಿಗೆ ಹೊಸ ಶಾಸನ ಬೇಡ, ದೊಡ್ಡ ಹಣವೂ ಬೇಡ, ಮನಸ್ಸು ಬೇಕು.

ಪಠ್ಯಪಟ್ಟಿಗಳನ್ನು ರಚಿಸುವ ವಿದ್ವಾಂಸರಿಗೂ ಒಂದು ಮಾತು. ಯಾವ ಪಠ್ಯಪಟ್ಟಿಯಲ್ಲಿ ವಿದ್ಯೆಯ ಹೆಸರಿಗೆ ಬದಲಾಗಿ ಒಂದು ಕಂಪನಿಯ ಸರಕಿನ ಹೆಸರು ಬರೆದಿರುವುದೋ ಅಲ್ಲಿ ವಿದ್ಯಾರ್ಥಿಯ ಅರ್ಹತೆಯನ್ನು ವಿಶ್ವವಿದ್ಯಾನಿಲಯವಲ್ಲ, ಕಂಪನಿಯೇ ನಿರ್ಣಯಿಸಿದಂತಾಗುವುದು. ಯಾರ ಅರ್ಹತೆಯನ್ನೂ ಕೇಳದ ಮುಕ್ತ ತಂತ್ರಾಂಶಗಳು ಇಂದು ಅನೇಕ ಉಂಟು. ಮ್ಯಾಟ್‌ಲ್ಯಾಬಿನ ಕೆಲಸಕ್ಕೆ ಆಕ್ಟೇವ್ ಮತ್ತು ಸೈಲ್ಯಾಬ್, ನಕ್ಷೆ ಮತ್ತು ಯಂತ್ರಭಾಗಗಳಿಗೆ ಫ್ರೀಕ್ಯಾಡ್, ಭೂಪಟಗಳಿಗೆ ಕ್ಯೂಜಿಸ್ ಇವೆ. ಮುಂಬಯಿಯ ಐ.ಐ.ಟಿ.ಯಲ್ಲಿ ಕೇಂದ್ರ ಸರ್ಕಾರದ ಸಹಾಯದಿಂದ ನಡೆಯುತ್ತಿರುವ ಫಾಸೀ ಯೋಜನೆಯವರು, ಉಕ್ಕಿನ ಕಟ್ಟಡಗಳ ವಿನ್ಯಾಸಕ್ಕಾಗಿ ಭಾರತೀಯ ಮಾನಕವಾದ ಐ.ಎಸ್. 800:2007ನ್ನು ಅನುಸರಿಸುವ ಓಸ್‌ಡ್ಯಾಗ್ ಎಂಬ ಮುಕ್ತ ತಂತ್ರಾಂಶವನ್ನು ರಚಿಸಿರುವರು. ಅಲ್ಲಿಯದೇ ಆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಇಂಥ ತಂತ್ರಾಂಶಗಳ ಪಾಠಗಳನ್ನು ಕನ್ನಡದಲ್ಲಿಯೂ ಒದಗಿಸಿರುವರು. ಇವು ಎಲ್ಲ ಅಂಶಗಳಲ್ಲಿಯೂ ಬೆಲೆಯುಳ್ಳವುಗಳಿಗೆ ಸಮವೆಂದು ನಾವು ಹೇಳುವುದಿಲ್ಲ. ಕಚೇರಿಗಳು ಕೇಳುವ ಉಪಕರಣವನ್ನು ಹುಡುಗರು ಕಲಿಯಲೇಬೇಕು. ಆದರೆ ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ತೆರೆದಿರುವಂತೆ, ತರಗತಿಯಲ್ಲಿ ಎರಡನ್ನೂ ತೋರಿಸುವುದು ಉಪಾಧ್ಯಾಯರ ಕರ್ತವ್ಯ.

ವಿದ್ಯಾರ್ಥಿಗಳಿಗೆ ಹೇಳುವುದು ಸ್ವಲ್ಪ. ನಿಯಮವು ಕಠಿಣವೆಂದು ಅದನ್ನು ಕಳ್ಳದಾರಿಯಿಂದ ದಾಟಬೇಡಿರಿ. ಇನ್ನೊಬ್ಬನ ಗುರುತಿನ ಚೀಟಿಯನ್ನು ಕಳುಹಿಸುವುದು ನಿಮ್ಮ ಹಿಂದೆ ಬರುವವರಿಗೆ ಬಾಗಿಲನ್ನು ಇನ್ನಷ್ಟು ಬಿಗಿಮಾಡುವುದು. ಕಲಿಯುವ ಪ್ರತಿಯಿಂದ ಸಂಪಾದಿಸಬೇಡಿರಿ; ಸಂಪಾದನೆಯ ಅವಕಾಶ ಬಂದರೆ ಕೆಲಸ ಕೊಡುವವರ ಲೈಸೆನ್ಸಿನಿಂದಲೇ ಮಾಡಿಸಿಕೊಡಿರೆಂದು ಧೈರ್ಯವಾಗಿ ಕೇಳಿರಿ.

ಹಣವನ್ನು ಹಿಂದಕ್ಕೆ ತಂದ ಆ ಹುಡುಗನಿಗೆ ನಾವು ಅಂದು, ಇಟ್ಟುಕೋ, ಶ್ರಮ ನಿನ್ನದು, ತಪ್ಪು ನಮ್ಮದೂ ಉಂಟು ಎಂದೆವು. ಅವನು ಒಪ್ಪದೆ ಮೇಜಿನ ಮೇಲೆ ನೋಟುಗಳನ್ನಿಟ್ಟು ಹೋದನು. ಫಲಿತಾಂಶವು ಆ ಬಳಿಕ ಮೂರು ವಾರಕ್ಕೆ ಬಂದಿತು. ಅವನು ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಿದ್ದನು. ಮೊದಲ ದರ್ಜೆಯ ವಿದ್ಯೆಯುಳ್ಳವನು, ವಿದ್ಯಾರ್ಥಿಯೂ ಅಲ್ಲ ವೃತ್ತಿಗಾರನೂ ಅಲ್ಲ ಎಂಬ ಕಾರಣದಿಂದ, ಆ ಮೂರು ವಾರಗಳ ಕಾಲ ತನ್ನ ಕೈಯ ಉಪಕರಣವನ್ನು ಮುಟ್ಟಲು ಅಂಜುತ್ತ ಕುಳಿತಿದ್ದನು. ಪರೀಕ್ಷೆ ಮುಗಿದ ಮೇಲೆ ಒಂದು ವರ್ಷದ ಅಭ್ಯಾಸದ ಅವಧಿಯನ್ನು, ಲಾಭಾರ್ಥವಲ್ಲದ ಉಪಯೋಗಕ್ಕೆಂದು ಗುರುತು ಹಾಕಿ, ಎಲ್ಲ ಕಂಪನಿಗಳೂ ಕೊಡುವಂತಾಗಲಿ. ಅದನ್ನು ಕೇಳುವ ಪತ್ರವು ನಮ್ಮ ವಿಶ್ವವಿದ್ಯಾನಿಲಯಗಳಿಂದಲೂ ತಾಂತ್ರಿಕ ಶಿಕ್ಷಣದ ಇಲಾಖೆಯಿಂದಲೂ ಈ ವರ್ಷವೇ ಹೊರಡಲಿ ಎಂಬುದು ನಮ್ಮ ಕೋರಿಕೆ.